ಬಾಣಲೆಗೆ ಯಾವ ಎಣ್ಣೆ?

ಹೆಣ್ಣು ಮದುವೆಯಾಗುವುದು ಗಂಡನನ್ನು ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿರುತ್ತಾರೆ. ಅದು ಅರ್ಧ ಸತ್ಯ. ಉಳಿದರ್ಧ ಗೊತ್ತಾಗುವುದು ಗಂಡನ ಮನೆಯ ಅಡುಗೆಮನೆಗೆ ಕಾಲಿಟ್ಟ ಮೇಲೆ. ಅಲ್ಲಿ ಒಲೆಯ ಪಕ್ಕದಲ್ಲಿ ಒಂದು ಎಣ್ಣೆಯ ಜಾಡಿ ಕೂತಿರುತ್ತದೆ. ಇನ್ನು ಮುಂದೆ ಬಾಳುವೆ ಮಾಡಬೇಕಾದದ್ದು ಅದರ ಜೊತೆಗೂ! ಗಂಡನ ಸಿಟ್ಟು, ಅತ್ತೆಯ ಮಾತು, ಊರಿನ ಗಡಸು ನೀರು, ಎಲ್ಲಕ್ಕೂ ಒಗ್ಗಿಕೊಳ್ಳಬಹುದು. ನಾಲಗೆ ಮಾತ್ರ ತವರಿನ ಎಣ್ಣೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ನಾನು ಕುಂದಾಪುರದ ಕಡೆಯವಳು. ನಮ್ಮಲ್ಲಿ ಎಣ್ಣೆ ಎಂದರೆ ತೆಂಗಿನೆಣ್ಣೆ. ಬೇರೆ ಎಣ್ಣೆಗಳನ್ನು ಮಾತ್ರ ಹೆಸರು ಹಿಡಿದು ಕರೆಯಬೇಕು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಗೋಳಿಬಜೆ ಎಲ್ಲವೂ ಅದರಲ್ಲೇ ಮುಳುಗಿ ಏಳಬೇಕು. 1984ರಲ್ಲಿ ನಾನು ಅರಸೀಕೆರೆಗೆ ಸೊಸೆಯಾಗಿ ಹೊರಟಾಗ ಅಮ್ಮನಿಗಿದ್ದ ದೊಡ್ಡ ಸಮಾಧಾನವೆಂದರೆ, ತೆಂಗಿನ ಸೀಮೆಗೇ ಕೊಟ್ಟದ್ದು, ಮಗಳ ಬಾಯಿರುಚಿ ಕೆಡುವುದಿಲ್ಲ ಎನ್ನುವುದು. ಬಸ್ಸು ಘಾಟಿ ಹತ್ತಿ, ಹಾಸನ ದಾಟಿ, ಅರಸೀಕೆರೆ ಹತ್ತಿರವಾದಂತೆಲ್ಲ ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳನ್ನು ಕಂಡು ನನಗೂ ಹಾಗೇ ಅನ್ನಿಸಿತ್ತು.

ಆ ವರ್ಷದ ದೀಪಾವಳಿಗೆ ಚಕ್ಕುಲಿ ಒತ್ತುವ ದಿನ ಅತ್ತೆ ಬಾಣಲೆಗೆ ಗಾಣದ ಕಡಲೆಕಾಯಿ ಎಣ್ಣೆ ಸುರಿದರು. ಅದು ಕಾಯುವಾಗ ಒಂದು ಗೋಲಿ ಹುಣಸೆಹಣ್ಣು ಹಾಕಿ, ಅದು ಕಪ್ಪಾದ ಮೇಲೆ ತೆಗೆದು ಬಿಸಾಡಿದರು. ನಾನು ಮೆಲ್ಲಗೆ, "ತೆಂಗಿನೆಣ್ಣೆ ಇಲ್ಲವಾ ಅತ್ತೆ?" ಎಂದೆ.

"ಕೊಬ್ರಿ ಎಣ್ಣೇನಾ? ಅದು ತಲೆಗೆ ಕಣೇ, ಬಾಣ್ಲೆಗಲ್ಲ" ಎಂದು ಅವರು ನಕ್ಕುಬಿಟ್ಟರು. ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಓರಗಿತ್ತಿಯೂ ನಕ್ಕಳು. ಮನೆಯ ಅಟ್ಟದ ಮೇಲೆ ಸಾವಿರಾರು ತೆಂಗಿನಕಾಯಿ, ಕೆಳಗೆ ಬಾಣಲೆಯಲ್ಲಿ ಕಡಲೆಕಾಯಿ ಎಣ್ಣೆ! ನನಗಿದು ದೊಡ್ಡ ಒಗಟಾಗಿ ಕಂಡಿತು.

ಒಗಟು ಬಿಡಿಸಿದ್ದು ಆ ಅಟ್ಟವೇ. ಅರಸೀಕೆರೆ, ತಿಪಟೂರು ಸೀಮೆಯವರು ಕಾಯಿ ಕೂಡಿಡುವುದು ಎಣ್ಣೆಗಾಗಿ ಅಲ್ಲ. ಬಲಿತ ಕಾಯನ್ನು ಸಿಪ್ಪೆ ಸಹಿತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವು ಸಲ ವರ್ಷವೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. ಆಗ ಒಡೆದರೆ ಇಡೀ ಗುಂಡಗೆ ಹೊರಬರುವುದೇ ಉಂಡೆ ಕೊಬ್ಬರಿ. ಅದು ಉತ್ತರ ಭಾರತದ ಕಡೆ ಹೋಗುತ್ತದೆ. ಅಲ್ಲಿ ಹಬ್ಬಕ್ಕೆ, ಮದುವೆಗೆ, ಸಿಹಿತಿಂಡಿಗೆ ದ್ರಾಕ್ಷಿ ಗೋಡಂಬಿಯ ಸಾಲಿನಲ್ಲಿ ಕೂರುವ ಪದಾರ್ಥ ಅದು. ಎಣ್ಣೆ ತೆಗೆಯುವ ಹೋಳು ಕೊಬ್ಬರಿಯದು ಬೇರೆಯೇ ಜಾತಿ, ಕೇರಳದಲ್ಲಿ ಹೆಚ್ಚು. ಸರ್ಕಾರ ಕೂಡ ಎರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆ ಕಟ್ಟುತ್ತದೆ. 2025ರ ಹಂಗಾಮಿಗೆ ಕ್ವಿಂಟಾಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಎಂದು ಗೊತ್ತುಮಾಡಿತ್ತು. ಹೀಗಿರುವಾಗ ಒಳ್ಳೆಯ ಉಂಡೆಯನ್ನು ಯಾರು ಗಾಣಕ್ಕೆ ಹಾಕುತ್ತಾರೆ? ರೇಷ್ಮೆ ಸೀರೆ ಹರಿದು ಕೌದಿ ಹೊಲಿದ ಹಾಗಾದೀತು. ಒಡೆದದ್ದು, ಕಮಟು ಹತ್ತಿದ್ದು ಮಾತ್ರ ಗಾಣಕ್ಕೆ. ಆ ಎಣ್ಣೆಯಲ್ಲಿ ಕರಿದರೆ ಚಕ್ಕುಲಿಗೂ ಕಮಟು ವಾಸನೆಯೇ. ಅತ್ತೆ ಅದನ್ನು ತಲೆಗೆ ಮೀಸಲಿಟ್ಟದ್ದರಲ್ಲಿ ಲೆಕ್ಕಾಚಾರವಿತ್ತು.

ಅಡುಗೆಮನೆಯ ಎಷ್ಟೋ ಪದ್ಧತಿಗಳು ಹೀಗೇ. ಮೇಲೆ ನೋಡಿದರೆ ರುಚಿಯ ಮಾತು, ಒಳಗೆ ಸಂತೆಯ ಮಾತು. ಕುಂದಾಪುರದಲ್ಲಿ ನಮಗೆ ಕಡಲೆಕಾಯಿ ದುಬಾರಿ, ತೆಂಗು ಮನೆಯದು. ಇಲ್ಲಿ ತೆಂಗು ಮಾರುವುದಕ್ಕೆ, ಕಡಲೆಕಾಯಿ ಮತ್ತು ಹುಚ್ಚೆಳ್ಳು ಹೊಲದ ಬದಿಯವು. ಅತ್ತೆಯ ಕಾಲದಲ್ಲಿ ಒಗ್ಗರಣೆಗೆ ಹುಚ್ಚೆಳ್ಳೆಣ್ಣೆ, ಕರಿಯಲು ಕಡಲೆಕಾಯಿ ಎಣ್ಣೆ, ದೀಪಕ್ಕೆ ಹರಳೆಣ್ಣೆ, ಹೀಗೆ ಒಂದೊಂದಕ್ಕೂ ಒಂದೊಂದು ಕೆಲಸ ಗೊತ್ತಾಗಿತ್ತು. ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ ಗಾಣದ ಎಣ್ಣೆ ಬಿಟ್ಟುಕೊಟ್ಟ ತೆಲ್ಲಿಗರ ಹೆಸರು ಬರುತ್ತದೆ. ಎಣ್ಣೆ ಎಂದರೆ ದಾನ ಕೊಡುವಷ್ಟು ಬೆಲೆಯುಳ್ಳ ವಸ್ತುವಾಗಿತ್ತು ಎನ್ನುವುದನ್ನು ನಾವು, ಅಂಗಡಿಗೆ ಹೋಗಿ ಪ್ಯಾಕೆಟ್ಟು ಎತ್ತಿಕೊಂಡು ಬರುವವರು, ಮರೆತೇಬಿಟ್ಟಿದ್ದೇವೆ.

ಪ್ಯಾಕೆಟ್ಟು ಬಂದದ್ದು ನಮ್ಮ ಕಣ್ಣೆದುರಿಗೇ. ಅದಕ್ಕೆ ಮುಂಚೆ ಡಾಲ್ಡಾ ಡಬ್ಬ ಬಂದಿತ್ತು, ನ್ಯಾಯಬೆಲೆ ಅಂಗಡಿಯಲ್ಲಿ ಪಾಮೋಲಿನ್ ಎಣ್ಣೆ ಬಂದಿತ್ತು. 1969ರ ಸುಮಾರಿಗೆ ರಷ್ಯಾದಿಂದ ತರಿಸಿದ ಸೂರ್ಯಕಾಂತಿ ತಳಿಗಳು ನಿಧಾನವಾಗಿ ನಮ್ಮ ಬಯಲುಸೀಮೆಯ ಹೊಲಗಳಿಗೆ ಇಳಿದವು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳಿನ ತಾಂತ್ರಿಕ ಮಿಷನ್ ಶುರು ಮಾಡಿತು. ಹೊಲದ ತುಂಬ ಹಳದಿ ಹೂವು, ಅಂಗಡಿಯ ತುಂಬ ನೀರಿನಂತೆ ತಿಳಿಯಾದ ಎಣ್ಣೆ. ವಾಸನೆಯಿಲ್ಲ, ಬಣ್ಣವಿಲ್ಲ, ಮಡ್ಡಿಯಿಲ್ಲ. "ಇದ್ಯಾವ ಎಣ್ಣೆನಮ್ಮಾ, ಮೂಗಿಗೇ ಗೊತ್ತಾಗಲ್ವಲ್ಲ" ಎಂದು ಅತ್ತೆ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ್ದರು.

ಆದರೆ ಹೊಸ ಎಣ್ಣೆ ಬಂದರೂ ಹಳೆಯ ಒಂದು ಅಭ್ಯಾಸ ಹೋಗಲಿಲ್ಲ. ಅದೇ, ಕರಿದುಳಿದ ಎಣ್ಣೆಯ ಜಾಡಿ. ಹಬ್ಬ ಮುಗಿದ ಮೇಲೆ ಬಾಣಲೆಯಲ್ಲುಳಿದ ಎಣ್ಣೆಯನ್ನು ತೆಳು ಬಟ್ಟೆಯಲ್ಲಿ ಸೋಸಿ ಅತ್ತೆ ಒಂದು ಪಿಂಗಾಣಿ ಜಾಡಿಗೆ ತುಂಬುತ್ತಿದ್ದರು. ಮುಂದಿನ ಸಲ ಅದರ ಮೇಲೆ ಹೊಸ ಎಣ್ಣೆ. ಅದರ ಮುಂದಿನ ಸಲವೂ ಹಾಗೇ. ಯುಗಾದಿಯ ಎಣ್ಣೆ ಗೌರಿಹಬ್ಬಕ್ಕೆ, ಗೌರಿಹಬ್ಬದ್ದು ದೀಪಾವಳಿಗೆ. ಜಾಡಿಯೊಳಗಿನ ಬಣ್ಣ ಮಾತ್ರ ಹಬ್ಬದಿಂದ ಹಬ್ಬಕ್ಕೆ ಕಪ್ಪಾಗುತ್ತಿತ್ತು. ಇದನ್ನು ಜಿಪುಣತನ ಎಂದರೆ ಅನ್ಯಾಯವಾದೀತು. ಪಾವು, ಅಚ್ಚೇರು ಲೆಕ್ಕದಲ್ಲಿ ಎಣ್ಣೆ ಕೊಂಡು ಹನ್ನೊಂದು ಜನರ ಸಂಸಾರ ನಡೆಸಿದ ಕೈ ಅದು. ಒಂದು ಹನಿ ನೆಲಕ್ಕೆ ಬಿದ್ದರೂ ಬೆರಳಲ್ಲಿ ತೆಗೆದು ಕೈಗೆ ಸವರಿಕೊಳ್ಳುತ್ತಿದ್ದರು.

2009ರಲ್ಲಿ ನಮ್ಮ ಯಜಮಾನರಿಗೆ ಎದೆನೋವು ಬಂದು, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಎಣ್ಣೆಯಿಂದಲೇ ಹೀಗಾಯಿತು ಎಂದು ಯಾವ ವೈದ್ಯರೂ ಹೇಳಲಿಲ್ಲ. ಅಂಥ ಕಾಯಿಲೆಗೆ ನೂರೆಂಟು ಕಾರಣ. ಆದರೆ ಊಟದ ಪಥ್ಯ ಹೇಳುವಾಗ ವೈದ್ಯರು, ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಬೇಡಿ ಎಂದರು. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು, ಏನೂ ಮಾತಾಡಲಿಲ್ಲ. ಮನೆಗೆ ಬಂದು ಎರಡು ದಿನವಾದ ಮೇಲೆ ನೋಡಿದರೆ ಜಾಡಿ ಹಿತ್ತಿಲ ಕಲ್ಲಿನ ಮೇಲೆ ಬೋರಲು ಬಿದ್ದಿತ್ತು. ಸೀಗೆಪುಡಿ ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ, ವಾರದೊಳಗೆ ಅದಕ್ಕೆ ನಿಂಬೆಕಾಯಿ ಉಪ್ಪಿನಕಾಯಿ ತುಂಬಿದರು. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಮೂರು ವರ್ಷಕ್ಕೆ ಅತ್ತೆ ತೀರಿಕೊಂಡರು. ಮಗನಿಗಾಗಿ ಐವತ್ತು ವರ್ಷದ ಅಭ್ಯಾಸವನ್ನು ಒಂದೂ ಮಾತಿಲ್ಲದೆ ತೊಳೆದಿಟ್ಟವರು ಅವರು.

ಇದೆಲ್ಲ ಈಗ ನೆನಪಾಗಲು ಕಾರಣ ಮಗಳು. ಅವಳಿರುವುದು ಅಮೆರಿಕದ ಟೆಕ್ಸಾಸಿನಲ್ಲಿ. ಅಲ್ಲಿ ಮೆಕ್ಸಿಕೋ ಕಡೆಯ ಊಟ ಮನೆಮಾತು. 2023ರ ನವೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದಾಗ ಮೊಮ್ಮಗನದು ಒಂದೇ ಹಟ, ಮೂರು ಮೂಲೆಯ ಮೆಕ್ಕೆಜೋಳದ ಚಿಪ್ಸು ಬೇಕು. ಅದಕ್ಕೆ ಟೋರ್ಟಿಯಾ ಚಿಪ್ಸು ಎನ್ನುತ್ತಾರಂತೆ. ನಮ್ಮ ನಿಪ್ಪಟ್ಟು ಕೊಟ್ಟರೆ, "ಇದು ರೌಂಡ್ ಇದೆ ಅಜ್ಜಿ" ಎಂದು ಪಕ್ಕಕ್ಕಿಟ್ಟ!

ಆ ವಾರವೇ ಎಲ್ಲರೂ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ ಹೋದೆವು. ಎರಡು ತಿಂಗಳ ಹಿಂದೆ, ಸೆಪ್ಟೆಂಬರಿನಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದವು. ಗುಡಿಯ ಮುಂದೆ ಜನವೋ ಜನ. ಆದರೆ ನನ್ನ ಕಣ್ಣು ಹೋದದ್ದು ದಾರಿಯುದ್ದಕ್ಕೂ ಹಬ್ಬಿದ್ದ ಮೆಕ್ಕೆಜೋಳದ ಹೊಲಗಳ ಕಡೆ. ಹಾಸನ ಎಂದರೆ ಆಲೂಗಡ್ಡೆ ಎನ್ನುವ ಕಾಲವಿತ್ತು. ಅಂಗಮಾರಿ ರೋಗಕ್ಕೆ ಬೇಸತ್ತು ಎಷ್ಟೋ ರೈತರು ಜೋಳಕ್ಕೆ ತಿರುಗಿದರು. ತೆನೆ ಮುರಿದು ರಸ್ತೆಯಂಚಿನಲ್ಲೇ ಒಣಹಾಕಿದ್ದರು. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಕೋಳಿ ಆಹಾರಕ್ಕೆ.

ಮೆಕ್ಕೆಜೋಳಕ್ಕೂ ಹೊಯ್ಸಳರ ಗುಡಿಗೂ ಒಂದು ಸ್ವಾರಸ್ಯವಾದ ಜಗಳವಿದೆ. ಈ ಗುಡಿಗಳ, ಅದರಲ್ಲೂ ಮುಖ್ಯವಾಗಿ ಸೋಮನಾಥಪುರದ ವಿಗ್ರಹಗಳ ಕೈಯಲ್ಲಿ ಸಾಲುಸಾಲು ಕಾಳು ಜೋಡಿಸಿದಂಥ ಒಂದು ಹಣ್ಣಿದೆ. ಅದು ಮೆಕ್ಕೆಜೋಳದ ತೆನೆಯೇ ಎಂದು 1989ರಲ್ಲಿ ಜೋಹಾನೆಸ್ಸೆನ್ ಮತ್ತು ಪಾರ್ಕರ್ ಎಂಬ ಅಮೆರಿಕದ ವಿದ್ವಾಂಸರು ಬರೆದರು. ಕೊಲಂಬಸ್ ಅಮೆರಿಕ ಕಾಣುವುದಕ್ಕೆ ಎರಡು ಮೂರು ಶತಮಾನ ಮೊದಲೇ ಅಮೆರಿಕದ ಬೆಳೆ ನಮ್ಮಲ್ಲಿತ್ತೆಂದರೆ ಸಣ್ಣ ಮಾತೇ? 1993ರಲ್ಲಿ ನಮ್ಮ ದೇಶದ ಪಾಯಕ್ ಮತ್ತು ಸಚನ್ ಅದನ್ನು ಒಪ್ಪದೆ, ಅದು ಮುತ್ತು ಜೋಡಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ ಎಂದು ಉತ್ತರ ಕೊಟ್ಟರು. ಈ ಕಥೆ ಹೇಳಿದಾಗ ಮೊಮ್ಮಗ ಗೋಡೆಯ ಶಿಲ್ಪ ನೋಡುತ್ತಾ, "ಹಾಗಾದರೆ ರಾಣಿ ಚಿಪ್ಸ್ ತಿನ್ನುತ್ತಿದ್ದಳಾ?" ಎಂದು ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಬರುವಾಗ ಪರಿಚಯದ ರೈತರ ಕಣದಿಂದ, ಬೂಷ್ಟು ಹಿಡಿಯದ, ಔಷಧಿ ಸೋಕದ ನಾಲ್ಕು ಸೇರು ಕಾಳು ತಂದೆವು.

ಮಾಡುವ ಕ್ರಮ ಮಗಳಿಗೆ ಗೊತ್ತಿತ್ತು. ಕೇಳಿದರೆ ನಿಮಗೂ ಆಶ್ಚರ್ಯವಾದೀತು, ಅದರಲ್ಲಿ ಮುಖ್ಯ ಪದಾರ್ಥ ನಮ್ಮ ಎಲೆ ಅಡಿಕೆಯ ಸುಣ್ಣ! ಕೇಜಿ ಕಾಳಿಗೆ ಹತ್ತು ಗ್ರಾಂನಷ್ಟು ತಿನ್ನುವ ಸುಣ್ಣ ಕದಡಿದ ನೀರಿನಲ್ಲಿ ಜೋಳವನ್ನು ಬೇಯಿಸಿ, ಇಡೀ ರಾತ್ರಿ ಹಾಗೇ ನೆನೆಯಲು ಬಿಡಬೇಕು. ಬೆಳಿಗ್ಗೆ ಉಜ್ಜಿ ತೊಳೆದರೆ ಸಿಪ್ಪೆ ಜಾರಿ ಹೋಗುತ್ತದೆ. ಸುಣ್ಣದ ನೀರಿನಿಂದ ಹಿಟ್ಟಿಗೆ ಅಂಟೂ ಬರುತ್ತದೆ, ಜೋಳದಲ್ಲಿ ಅಡಗಿ ಕೂತ ಒಂದು ಜೀವಸತ್ವವೂ ದೇಹಕ್ಕೆ ದಕ್ಕುತ್ತದೆ. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷದಿಂದ ಹೀಗೆ ಮಾಡುತ್ತಿದ್ದಾರೆ. ಜೋಳವನ್ನು ಮಾತ್ರ ಕೊಂಡೊಯ್ದು ಸುಣ್ಣವನ್ನು ಬಿಟ್ಟುಹೋದ ಯುರೋಪಿನ ಬಡವರಿಗೆ ಪೆಲಾಗ್ರಾ ಎಂಬ ಚರ್ಮದ ರೋಗ ಕಾಡಿತು. ತೊಳೆದ ಕಾಳನ್ನು ಗ್ರೈಂಡರಿನಲ್ಲಿ ಗಟ್ಟಿಯಾಗಿ ರುಬ್ಬಿ, ತೆಳ್ಳಗೆ ರೊಟ್ಟಿ ತಟ್ಟಿ, ಕಾವಲಿಯಲ್ಲಿ ಬೇಯಿಸಿ, ಮೂರು ಮೂಲೆಗೆ ಕತ್ತರಿಸಿ ನೆರಳಲ್ಲಿ ಆರಿಸಿದೆವು. ಹಸಿ ಇದ್ದಷ್ಟೂ ಅದು ಎಣ್ಣೆಯನ್ನು ಹೀರುತ್ತದೆ. ನಮ್ಮ ಸಂಡಿಗೆಯ ನ್ಯಾಯವೇ ಅದಕ್ಕೂ.

ಇನ್ನು ಕರಿಯಬೇಕು. ಬಾಣಲೆ ಒಲೆಯ ಮೇಲಿಟ್ಟು ಮಗಳು ಕೇಳಿದಳು, "ಅಮ್ಮ, ಯಾವ ಎಣ್ಣೆ?"

ಅಷ್ಟು ಹೊತ್ತಿಗೆ ಮನೆಯಲ್ಲಿ ಹೆಂಗಸರ ಸಂತೆ ಸೇರಿತ್ತು. ನಾದಿನಿ ಕಡಲೆಕಾಯಿ ಎಣ್ಣೆಯ ಪಕ್ಷ. ಓರಗಿತ್ತಿ ಸೂರ್ಯಕಾಂತಿ. ನಾನು ಬಾಯಿ ಬಿಡದಿದ್ದರೂ ನನ್ನ ಪಕ್ಷ ಎಲ್ಲರಿಗೂ ಗೊತ್ತು. ಹಿಂದಿನ ಬೀದಿಯ ಅಕ್ಕ ಮಾತ್ರ ಸುಮ್ಮನೆ ಕೂತಿದ್ದರು. ಕೊನೆಗೆ ಮಗಳೇ, ಜಗಳ ಬೇಡ ಎಂದು ಒಂದೊಂದು ಎಣ್ಣೆಯಲ್ಲೂ ಒಂದೊಂದು ಹಿಡಿ ಕರಿದಳು. ತವರಿನಿಂದ ತಂದಿಟ್ಟಿದ್ದ ತೆಂಗಿನೆಣ್ಣೆ, ಗಾಣದ ಕಡಲೆಕಾಯಿ ಎಣ್ಣೆ, ರಿಫೈನ್ಡ್ ಸೂರ್ಯಕಾಂತಿ, ತೌಡಿನ ಎಣ್ಣೆ, ಪಾಮೋಲಿನ್, ಹೀಗೆ ಐದು.

ತೆಂಗಿನೆಣ್ಣೆಯದು ಹಗುರಾಗಿ, ಕೊಂಚ ಸಿಹಿ ವಾಸನೆಯಿಂದ, ಮೊದಲ ತುತ್ತಿಗೇ ಮನಸ್ಸು ಗೆದ್ದಿತು. ಆದರೆ ಚಳಿಗೆ, ಮರುದಿನ ಬೆಳಿಗ್ಗೆ ಡಬ್ಬದ ತಳದಲ್ಲಿ ಬಿಳಿ ಜಿಡ್ಡು ಹೆಪ್ಪುಗಟ್ಟಿತ್ತು. ಇಪ್ಪತ್ತನಾಲ್ಕು ಇಪ್ಪತ್ತೈದು ಡಿಗ್ರಿಯ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುವುದು ಅದರ ಗುಣ. ಕಡಲೆಕಾಯಿ ಎಣ್ಣೆಯದು ಘಮಘಮ. ಜೋಳ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ನಿಪ್ಪಟ್ಟು ತಿಂದ ಹಾಗೇ ಆಯಿತು. ಸೂರ್ಯಕಾಂತಿಯಲ್ಲಿ ಜೋಳದ ರುಚಿ ಚೆನ್ನಾಗಿ ಬಂತು, ಆದರೆ ಬಾಣಲೆಯ ಅಂಚಿಗೆ ಗೋಂದಿನಂತೆ ಅಂಟು ಹಿಡಿಯಿತು. ಪಾಮೋಲಿನ್‌ನಲ್ಲಿ ಗರಿಗರಿ ಸರಿ, ಆರಿದ ಮೇಲೆ ತುಟಿಗೆ ಮೇಣ ಸವರಿದ ಹಾಗೆ. ತೌಡಿನ ಎಣ್ಣೆ ಜಾಣ ಸೊಸೆಯ ಹಾಗೆ, ತಾನೂ ಕಾಣಿಸಿಕೊಳ್ಳದೆ ಯಾರನ್ನೂ ನೋಯಿಸದೆ ಕೆಲಸ ಮುಗಿಸಿತು.

ನಾದಿನಿ ಉಳಿದದ್ದನ್ನೆಲ್ಲ ಒಂದೇ ಬಾಣಲೆಗೆ ಸುರಿಯಲು ಹೋದಳು, ನಾನು ತಡೆದೆ. ತೆಂಗಿನೆಣ್ಣೆಯೊಂದಿಗೆ ಬೇರೆ ಎಣ್ಣೆ ಬೆರೆಸಿ ಕರಿದರೆ ನೊರೆ ಉಕ್ಕಿ ಒಲೆಯ ಮೇಲೆ ಚೆಲ್ಲುತ್ತದೆ. ಕರಾವಳಿಯಲ್ಲಿ ಹುಟ್ಟಿದ ಹುಡುಗಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ರುಚಿಯ ಮಾತು ಹೀಗಾಯಿತು. ಆರೋಗ್ಯದ ಮಾತೂ ಇದೆಯಲ್ಲ. ಚಿಪ್ಸು ಕರಿಯಲು ಬೇಕಾದ ಕಾವು ಸುಮಾರು 175ರಿಂದ 190 ಡಿಗ್ರಿ. ರಿಫೈನ್ಡ್ ಸೂರ್ಯಕಾಂತಿ, ಕಡಲೆಕಾಯಿ, ತೌಡಿನ ಎಣ್ಣೆಗಳು ಹೊಗೆಯಾಡುವುದು 225 ಡಿಗ್ರಿಯ ಆಸುಪಾಸಿನಲ್ಲಿ. ಗಾಣದ ಎಣ್ಣೆಗಳು ಅದಕ್ಕಿಂತ ಬೇಗ ಹೊಗೆಯಾಡುತ್ತವೆ. ತೆಂಗಿನೆಣ್ಣೆ ಕಾವಿಗೆ ಬೇಗ ಕೆಡದು, ಆದರೆ ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಸ್ಯಾಚುರೇಟೆಡ್ ಕೊಬ್ಬು. ಪಾಮೋಲಿನ್‌ನಲ್ಲಿ ನಲವತ್ತರ ಮೇಲೆ. ಸೂರ್ಯಕಾಂತಿಯಲ್ಲಿ ಅಂಥ ಕೊಬ್ಬು ಹತ್ತು ಹನ್ನೆರಡು ಪಾಲು ಮಾತ್ರ, ಆದರೆ ಅದು ಕಾವಿಗೂ ಗಾಳಿಗೂ ಬೇಗ ಸೋಲುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಗುಣ, ಒಂದೊಂದು ಊನ. ನೆಂಟರ ಹಾಗೇ.

ಆಗ ಅಷ್ಟು ಹೊತ್ತು ಸುಮ್ಮನಿದ್ದ ಹಿಂದಿನ ಬೀದಿಯ ಅಕ್ಕ ಬಾಯಿ ಬಿಟ್ಟರು. "ಒಂದ್ಸಲ ಕರಿಯಾಕೆ ಐದೂ ಒಳ್ಳೇವೇ ಕಣಮ್ಮ. ಎರಡನೇ ಸಲಕ್ಕೆ ಗೊತ್ತಾಗೋದು."

ಆ ಅಕ್ಕನ ಮಾತಿಗೆ ಬೆಲೆ ಕೊಡಬೇಕು, ಏಕೆಂದರೆ ಅವರ ಬದುಕು ಬಾಣಲೆಯ ಮೇಲೆ ನಿಂತದ್ದು. ಗಂಡ ಹೋದ ಮೇಲೆ ಇಬ್ಬರು ಮಕ್ಕಳನ್ನು ಅವರು ಓದಿಸಿದ್ದು ನಿಪ್ಪಟ್ಟು, ಕೋಡುಬಳೆ ಕರಿದು. ಬೇಲೂರು, ಹಳೇಬೀಡಿನ ಅಂಗಡಿಗಳಿಗೆ ಪ್ರವಾಸಿಗರ ಕಾಲದಲ್ಲಿ ವಾರಕ್ಕೆರಡು ಸಲ ಬಸ್ಸಿನಲ್ಲಿ ಚೀಲ ಹೊತ್ತು ಹೋಗುತ್ತಾರೆ. 2022ರಲ್ಲಿ ಅವರಿಗೆ ದೊಡ್ಡ ಪರೀಕ್ಷೆ ಬಂತು. ಫೆಬ್ರವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು, ಅಲ್ಲಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆ ನಿಂತಿತು. ಏಪ್ರಿಲ್ 28ರಿಂದ ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು, ಮತ್ತೆ ಬಿಟ್ಟದ್ದು ಮೇ 23ಕ್ಕೆ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. ಎಲ್ಲೋ ತೋಪು ಹಾರಿದರೆ ಅರಸೀಕೆರೆಯ ಹಿಂದಿನ ಬೀದಿಯಲ್ಲಿ ಬಾಣಲೆ ನಡುಗುತ್ತದೆ!

ಅದೇ ಹೊತ್ತಿಗೆ ಒಂದು ಅಂಗಡಿಯವರು ಪ್ಯಾಕೆಟ್ಟಿಗೆ ಎರಡು ರೂಪಾಯಿ ಇಳಿಸಿ ಕೊಡಿ ಎಂದರು. ಅಕ್ಕ ರಾತ್ರಿಯಿಡೀ ಲೆಕ್ಕ ಹಾಕಿದರು. ಅಕ್ಕಿ ಹಿಟ್ಟಿನಲ್ಲಿ ಇಳಿಸುವಂತಿಲ್ಲ, ಕಡಲೆಕಾಯಿ ಬೀಜದಲ್ಲಿ ಇಳಿಸುವಂತಿಲ್ಲ, ಗ್ಯಾಸು ಇಳಿಯುವುದಿಲ್ಲ, ಅವರ ಕೂಲಿಯಂತೂ ಲೆಕ್ಕದಲ್ಲೇ ಇರಲಿಲ್ಲ. ಇಳಿಸಬಹುದಾದದ್ದು ಒಂದೇ, ಎಣ್ಣೆ ಬದಲಿಸುವ ದಿನ. ಒಂದು ದಿನದ ಎಣ್ಣೆಯನ್ನು ನಾಲ್ಕು ದಿನ ಎಳೆದರೆ ಎರಡು ರೂಪಾಯಿ ಸಲೀಸಾಗಿ ಹುಟ್ಟುತ್ತದೆ. "ಎಲ್ಲಾರೂ ಮಾಡೋದೇ ಅದು" ಎಂದರಂತೆ ಅಂಗಡಿಯವರು.

ಎಣ್ಣೆಗೆ ಏನಾಗುತ್ತದೆ ಎಂದರೆ, ತಿಂಡಿಯ ನೀರು, ಮೇಲಿನ ಗಾಳಿ, ಕೆಳಗಿನ ಬೆಂಕಿ ಮೂರೂ ಸೇರಿ ಅದನ್ನು ಒಡೆಯುತ್ತವೆ. ಬಣ್ಣ ಕಪ್ಪಾಗುತ್ತದೆ, ಅಂಟಾಗುತ್ತದೆ, ಬೇಗ ಹೊಗೆಯಾಡುತ್ತದೆ, ನೊರೆ ಕಟ್ಟುತ್ತದೆ. ಹೀಗೆ ಒಡೆದ ಪದಾರ್ಥ ನೂರಕ್ಕೆ ಇಪ್ಪತ್ತೈದು ಪಾಲು ಮೀರಿದ ಎಣ್ಣೆಯನ್ನು ಬಳಸಕೂಡದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಅದು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಗಡಿಗೆ ನಿಯಮ ಸರಿ, ಹಿಂದಿನ ಬೀದಿಯ ಅಡುಗೆಮನೆಗೆ ಬಂದು ಅಳೆಯುವವರು ಯಾರು? ಅಲ್ಲಿ ಅಳತೆ ಮಾಡುವುದು ಕರಿಯುವವಳ ಮನಸ್ಸು.

ಅಕ್ಕ ಎರಡು ರೂಪಾಯಿ ಇಳಿಸಲಿಲ್ಲ. ಆ ಅಂಗಡಿ ಕೈಬಿಟ್ಟುಹೋಯಿತು. ಮೂರು ತಿಂಗಳು ಮಗನ ಕಾಲೇಜು ಫೀಸಿಗೆ ಚಿನ್ನ ಅಡವಿಟ್ಟರು. ಇನ್ನೊಂದು ಅಂಗಡಿ ಸಿಕ್ಕಿತು, ಮೊದಲಿನಷ್ಟು ವ್ಯಾಪಾರವಿಲ್ಲ. ಆದರೆ ಆಗ ಅವರು ಮಾಡಿಕೊಂಡ ಒಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಗಾಣದ ಕಡಲೆಕಾಯಿ ಎಣ್ಣೆಯನ್ನು ಬಿಟ್ಟು ನಡುವೆಲೆಯ ತೌಡಿನ ಎಣ್ಣೆಗೆ ಬಂದರು. ದೊಡ್ಡ ಬಾಣಲೆ ಅಟ್ಟ ಸೇರಿತು, ಆಳವಾದ ಚಿಕ್ಕ ಬಾಣಲೆ ಬಂತು. ಬೇಕಾದಷ್ಟೇ ಎಣ್ಣೆ ಹಾಕಿ, ಕಡಿಮೆಯಾದಂತೆ ಸ್ವಲ್ಪ ಸ್ವಲ್ಪ ಹೊಸದು ಸೇರಿಸಿ, ಆ ದಿನದ ಕೆಲಸ ಮುಗಿಯುವಾಗ ತಳದಲ್ಲಿ ಒಂದು ಪಾವು ಉಳಿಯುವಂತೆ ನೋಡಿಕೊಳ್ಳುತ್ತಾರೆ. ಉಳಿದದ್ದನ್ನು ಬಚ್ಚಲಿಗೆ ಸುರಿಯುವುದಿಲ್ಲ. ಸೀಸೆಗೆ ತುಂಬಿ ಬಟ್ಟೆ ಸೋಪು ಮಾಡುವ ಪರಿಚಯದವರಿಗೆ ಕೊಡುತ್ತಾರೆ.

"ದುಬಾರಿ ಎಣ್ಣೆ ತಂದ್ರೆ ಚೆಲ್ಲಾಕೆ ಹೊಟ್ಟೆ ಉರೀತದೆ ಕಣಮ್ಮ. ಹೊಟ್ಟೆ ಉರಿದ್ರೆ ಎತ್ತಿಡ್ತೀವಿ. ಎತ್ತಿಟ್ರೆ ನಾಳೆ ಕರೀತೀವಿ. ಅದಕ್ಕೇ, ಬಿಡಾಕೆ ಮನಸ್ಸು ಬರೋ ಅಂಥ ಎಣ್ಣೆ ತರಬೇಕು."

ನನಗೆ ಅತ್ತೆಯ ಜಾಡಿ ಥಟ್ಟನೆ ಕಣ್ಣಮುಂದೆ ಬಂತು. ಕಡಲೆಕಾಯಿ ಎಣ್ಣೆ ಉತ್ತಮ ಎಣ್ಣೆಯೇ. ಅದು ದುಬಾರಿಯಾಗಿತ್ತು, ಆದ್ದರಿಂದಲೇ ಅದು ಜಾಡಿ ಸೇರಿತು. ಉತ್ತಮ ಎಣ್ಣೆಯನ್ನು ಹಾಳು ಮಾಡಿದ್ದು ಅದರ ಉತ್ತಮಿಕೆಯೇ! 2025ರಲ್ಲಿ ಇದು ಮತ್ತೊಮ್ಮೆ ಮನದಟ್ಟಾಯಿತು. 2023ರಲ್ಲಿ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆಯಲ್ಲಿ ಹತ್ತು ಸಾವಿರವೂ ಸಿಗದೆ ಬೀದಿಗಿಳಿದಿದ್ದ ನಮ್ಮ ಸೀಮೆಯ ರೈತರಿಗೆ ಆ ವರ್ಷ ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿತು. ನಮ್ಮ ಮನೆಯವರ ಮುಖದಲ್ಲಿ ನಗು. ಆದರೆ ತೆಂಗಿನೆಣ್ಣೆ ಲೀಟರಿಗೆ ನಾನೂರು ದಾಟಿದಾಗ, ಕರಿದುಳಿದದ್ದನ್ನು ಹೇಗಮ್ಮಾ ಚೆಲ್ಲಲಿ ಎಂದು ತವರಿನಿಂದ ತಂಗಿ ಫೋನು ಮಾಡಿದಳು. ನಾನು ಅಕ್ಕನ ಮಾತನ್ನೇ ಅವಳಿಗೆ ದಾಟಿಸಿದೆ. ತೆಂಗಿನೆಣ್ಣೆ ಒಗ್ಗರಣೆಗೆ, ಪಲ್ಯಕ್ಕೆ ಇರಲಿ. ವರ್ಷಕ್ಕೆರಡು ಸಲ ಹಲಸಿನ ಹಪ್ಪಳಕ್ಕೂ ಇರಲಿ, ಆದರೆ ಚಿಕ್ಕ ಬಾಣಲೆಯಲ್ಲಿ.

ಉಳಿದ ಎಣ್ಣೆಯೆಲ್ಲ ವಿಷವೆಂದೂ ಹೆದರಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲೂ ಇದೇ ಇದೆ. ಮನೆಯಲ್ಲಿ ಒಮ್ಮೆ ಕರಿದುಳಿದ ಎಣ್ಣೆಯನ್ನು ಸೋಸಿ ಒಂದೆರಡು ದಿನದೊಳಗೆ ಸಾರು ಪಲ್ಯಕ್ಕೆ ಬಳಸಿ, ಮತ್ತೆ ಕರಿಯಲು ಮಾತ್ರ ಬೇಡ. ಒಂದೇ ಎಣ್ಣೆಗೆ ಜೋತುಬೀಳದೆ ಬದಲಾಯಿಸುತ್ತಿರಿ ಎನ್ನುವುದೂ ತಿಳಿದವರ ಮಾತೇ. ಅತ್ತೆಯ ಕಾಲದ ಹುಚ್ಚೆಳ್ಳು, ಕಡಲೆಕಾಯಿ ಎಂಬ ಪಾಲುಪಟ್ಟಿಯಲ್ಲಿ ಆ ಜಾಣತನ ಆಗಲೇ ಇತ್ತು.

ಮಗಳು ಹೊರಡುವ ಮುಂಚೆ ಅಕ್ಕನಿಗೆ ಸುಣ್ಣದ ಲೆಕ್ಕ ಹೇಳಿಕೊಟ್ಟಳು, ಅಕ್ಕ ಅವಳಿಗೆ ಕರಿಯುವ ಗುಟ್ಟು ಹೇಳಿಕೊಟ್ಟರು. ಒಂದು ಚೂರು ಹಾಕಿದರೆ ಮುಳುಗಿ ತಕ್ಷಣ ಮೇಲೇಳಬೇಕು, ಅದೇ ಹದ. ಒಟ್ಟಿಗೇ ಬುಟ್ಟಿಗಟ್ಟಲೆ ಸುರಿದರೆ ಎಣ್ಣೆ ತಣ್ಣಗಾಗಿ ಚಿಪ್ಸು ಮೆತ್ತಗಾಗುತ್ತದೆ. ತಿಂಡಿ ಎಣ್ಣೆ ಕುಡಿಯುವುದು ಬಾಣಲೆಯಲ್ಲಿರುವಾಗ ಸ್ವಲ್ಪ, ಹೊರಗೆ ತೆಗೆದು ಆರುವಾಗ ಹೆಚ್ಚು. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿದ ಕೂಡಲೇ ಕೊಡವಿ ಬಸಿಯಬೇಕು. ಉಪ್ಪನ್ನು ಹೊರಗೆ ಉದುರಿಸಬೇಕು, ಬಾಣಲೆಯ ಮೇಲಲ್ಲ.

ಈಗ ಅಕ್ಕನ ಚೀಲದಲ್ಲಿ ನಿಪ್ಪಟ್ಟು, ಕೋಡುಬಳೆಯ ಜೊತೆಗೆ ಮೂರು ಮೂಲೆಯ ಜೋಳದ ಚಿಪ್ಸೂ ಹಳೇಬೀಡಿಗೆ ಹೋಗುತ್ತದೆ. ಹೆಸರು ಉಚ್ಚರಿಸಲು ಕಷ್ಟವೆಂದು ಅವರು ಪ್ಯಾಕೆಟ್ಟಿನ ಮೇಲೆ "ಸುಣ್ಣದ ಜೋಳದ ಚಿಪ್ಸು" ಎಂದು ಬರೆಸಿದ್ದರು, ಸುಣ್ಣ ಎಂದು ಕಂಡರೆ ಯಾರೂ ಕೊಳ್ಳುವುದಿಲ್ಲವೆಂದು ಮಗ ತೆಗೆಸಿದನಂತೆ. ಬೆಲೆ ಪಕ್ಕದ ಪ್ಯಾಕೆಟ್ಟಿಗಿಂತ ಎರಡು ರೂಪಾಯಿ ಹೆಚ್ಚೇ. ಯಾರಾದರೂ ಚೌಕಾಶಿ ಮಾಡಿದರೆ ಅಕ್ಕ, "ಆ ಎರಡು ರೂಪಾಯಿ ನೆನ್ನೆ ಎಣ್ಣೇದು ಕಣಪ್ಪ" ಎನ್ನುತ್ತಾರೆ. ಕೆಲವರಿಗೆ ಅರ್ಥವಾಗುತ್ತದೆ, ಕೆಲವರು ಪಕ್ಕದ ಪ್ಯಾಕೆಟ್ಟು ತೆಗೆದುಕೊಂಡು ಹೋಗುತ್ತಾರೆ.